ಸ್ಕ್ಯಾನಿಂಗ್ ಮೆಷಿನ್ನಿಗೆ ಕೆಂಪು ಬಣ್ಣ ಕಾಣಲ್ಲ

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ನಾವು ನಾಲ್ಕು ಜನ ಸೇರಿ ಪ್ರಾಜೆಕ್ಟಿಗೆ ಕೃತಕ ರಕ್ತನಾಳ ಮಾಡಿದ್ದೇವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೆಲಾಟಿನ್ ಹಾಕಿ, ಮಧ್ಯೆ ಅಡ್ಡಡ್ಡ ಸಿಲಿಕೋನ್ ಪೈಪ್ ಕೂರಿಸಿ, ಮೀನಿನ ತೊಟ್ಟಿಯ ಪಂಪಿನಿಂದ ಕೆಂಪು ನೀರು ಹರಿಸಿದೆವು. ನೋಡೋಕೆ ಥೇಟ್ ರಕ್ತನಾಳದ ಹಾಗೇ ಇತ್ತು. ಆದರೆ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟಾಗ ಬರೀ ಎರಡು ದಪ್ಪ ಬಿಳಿ ಗೆರೆ, ಅದರ ಕೆಳಗೆ ಕತ್ತಲು. ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ಮೊದಲು ಒಂದೆರಡು ನಿಮಿಷ ಬಣ್ಣ ಬಂತು, ಆಮೇಲೆ ಏನೂ ಇಲ್ಲ. ಎಲ್ಲಿ ತಪ್ಪಾಯಿತು ಸರ್? ಇದೇ ಮಾಡೆಲ್ ಸಿಟಿ ಸ್ಕ್ಯಾನ್, ಎಂಆರ್‌ಐಗೂ ನಡೆಯುತ್ತಾ?

ಉತ್ತರ: ನೀವು ಮಾಡಿದ ತಪ್ಪನ್ನೆಲ್ಲ ನಾನೂ ಮಾಡಿದ್ದೇನೆ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಚಿಕ್ಕಮಗಳೂರಿನಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಮಾಡಿದ ಮೊದಲ ಮಾಡೆಲನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದ್ದೆ. ಬೇಲೂರು ದಾಟುವಷ್ಟರಲ್ಲಿ ಪೈಪ್ ಕಿತ್ತುಕೊಂಡು ಕೆಂಪು ನೀರೆಲ್ಲ ಸೀಟಿನ ಕೆಳಗೆ ಹರಿಯಿತು. ಕಂಡಕ್ಟರ್ ಬಂದು, "ಏನ್ರೀ ಇದು, ಮಾಂಸನಾ?" ಅಂದರು. ಅವತ್ತಿನಿಂದ ನಾನು ಕೆಂಪು ಬಣ್ಣ ಹಾಕುವುದನ್ನೇ ಬಿಟ್ಟೆ. ಮರ್ಯಾದೆ ಉಳಿಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಅದರಿಂದ ಮೆಷಿನ್ನಿಗೆ ನಯಾಪೈಸೆ ಉಪಯೋಗವಿಲ್ಲ.

ಈ ಕೆಲಸದವರು ಇಂಥ ಮಾಡೆಲ್ಲಿಗೆ ಫ್ಯಾಂಟಮ್ ಅನ್ನುತ್ತಾರೆ. "ಥೇಟ್ ರಕ್ತನಾಳದ ಹಾಗೆ" ಎಂದು ನೀವು ಬರೆದಿದ್ದೀರಲ್ಲ, ಅದು ಯಾರ ಕಣ್ಣಿಗೆ? ಅಲ್ಟ್ರಾಸೌಂಡ್ ಶಬ್ದ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಸಿಟಿ ಎಕ್ಸ್‌ರೇ ಎಷ್ಟು ತಡೆಯಿತು ಎಂದು ನೋಡುತ್ತದೆ. ಎಂಆರ್‌ಐಗೆ ಬೇಕಿರುವುದು ನೀರಿನೊಳಗಿನ ಹೈಡ್ರೋಜನ್ನಿನ ವರ್ತನೆ. ಹಾಗಾಗಿ ಒಂದು ಮೆಷಿನ್ನಿಗೆ ಥೇಟ್ ಆಗಿರುವುದು ಇನ್ನೊಂದಕ್ಕೆ ಥೇಟ್ ಆಗಿರಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಫ್ಯಾಂಟಮ್ಮಿನ ಒಳಗೆ ವೇಗ ಎಷ್ಟು, ಅಗಲ ಎಷ್ಟು ಎಂಬ ಉತ್ತರ ನಿಮಗೆ ಮೊದಲೇ ಗೊತ್ತಿರಬೇಕು. ಮೆಷಿನ್ ನಿಮಗೆ ಹೇಳುವುದಲ್ಲ, ಮೆಷಿನ್ ಸರಿ ಹೇಳಿತಾ ಎಂದು ನೀವು ನೋಡುವುದು. ಉತ್ತರ ಗೊತ್ತಿಲ್ಲದ ಫ್ಯಾಂಟಮ್ ಎಷ್ಟೇ ಚೆಂದ ಇದ್ದರೂ ಶೋಕೇಸಿಗೇ ಸರಿ.

ಈಗ ನಿಮ್ಮ ಡಬ್ಬಿಗೆ ಬರೋಣ.

ಎರಡು ದಪ್ಪ ಗೆರೆ ಬಂದದ್ದು ಸಿಲಿಕೋನ್ ಪೈಪಿನಿಂದ. ನಮ್ಮ ಮೈಯ ಮೆತ್ತನೆ ಭಾಗದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಮೆಷಿನ್ನುಗಳು ಈ ಅಂಕಿಯನ್ನೇ ನಂಬಿಕೊಂಡು ಆಳದ ಲೆಕ್ಕ ಹಾಕುತ್ತವೆ. ಸಿಲಿಕೋನಿನಲ್ಲಿ ಶಬ್ದದ ವೇಗ ಹೆಚ್ಚುಕಡಿಮೆ 1000 ಮೀಟರ್. ಅದರೊಳಗೆ ಶಬ್ದ ನಿಧಾನ ಹೋಗುವುದರಿಂದ 1 ಮಿ.ಮೀ. ಗೋಡೆ ತೆರೆಯ ಮೇಲೆ ಒಂದೂವರೆ ಮಿ.ಮೀ. ಆಗಿ ಕಾಣುತ್ತದೆ. ಜೊತೆಗೆ ಸಿಲಿಕೋನ್ ಶಬ್ದವನ್ನು ಸಿಕ್ಕಾಪಟ್ಟೆ ಹೀರುತ್ತದೆ, ಬಗ್ಗಿಸುತ್ತದೆ. ಕೆಳಗಿನ ಕತ್ತಲು ಅದೇ. ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳದ ಗೋಡೆಯೇ 1 ಮಿ.ಮೀ.ಗಿಂತ ತೆಳು. ಗೋಡೆಯ ದಪ್ಪ ಅಳೆಯಲು ಹೊರಟವರಿಗೆ ಇಷ್ಟು ವ್ಯತ್ಯಾಸ ಬಂದರೆ ಮುಗಿಯಿತು.

ಬಣ್ಣ ಬಂದು ಹೋದದ್ದೇ ನನಗೆ ಜಾಸ್ತಿ ಇಷ್ಟವಾದ ಭಾಗ. ಡಾಪ್ಲರ್ ಹರಿಯುವ ನೀರನ್ನು ನೋಡುವುದಿಲ್ಲ. ನೀರಿನಲ್ಲಿ ತೇಲುವ ಕಣಗಳಿಗೆ ಬಡಿದು ವಾಪಸ್ ಬಂದ ಶಬ್ದವನ್ನು ಕೇಳುತ್ತದೆ. ರಕ್ತದಲ್ಲಿ ಆ ಕೆಲಸಕ್ಕೆ ಕೆಂಪು ರಕ್ತಕಣಗಳಿವೆ. ಒಂದೊಂದೂ 7-8 ಮೈಕ್ರಾನ್ ಅಗಲ, ಒಂದು ಹನಿಯಲ್ಲೇ ಕೋಟಿಗಟ್ಟಲೆ. ನಿಮ್ಮ ಬಣ್ಣದ ನೀರಿನಲ್ಲಿ ಏನಿತ್ತು? ಏನೂ ಇಲ್ಲ. ಹಾಗಾದರೆ ಮೊದಲ ಎರಡು ನಿಮಿಷ ಕಂಡದ್ದೇನು? ಗಾಳಿಗುಳ್ಳೆ. ಪಂಪ್ ಶುರುವಾದಾಗ ಸಿಕ್ಕಿಕೊಂಡಿದ್ದ ಗುಳ್ಳೆಗಳು ಪೈಪಿನಲ್ಲಿ ಓಡಿದವು, ಮೆಷಿನ್ ಅವುಗಳ ವೇಗ ತೋರಿಸಿತು. ಗುಳ್ಳೆ ಖಾಲಿಯಾಯಿತು, ಬಣ್ಣವೂ ಹೋಯಿತು. ಆ ಎರಡು ನಿಮಿಷದ ಫೋಟೋ ತೆಗೆದಿದ್ದರೆ ರಿಪೋರ್ಟಿಗೆ ಹಾಕಬೇಡಿ. ಪರೀಕ್ಷಕರಲ್ಲಿ ಗೊತ್ತಿರುವವರು ಒಬ್ಬರಿದ್ದರೂ ಸಾಕು, ಸಿಕ್ಕಿಬೀಳುತ್ತೀರಿ.

ಮೂರನೆಯದು ಕೋನ. ಪೈಪ್ ಅಡ್ಡಡ್ಡ ಮಲಗಿತ್ತು, ಪ್ರೋಬ್ ಮೇಲಿನಿಂದ ನೇರ ಇತ್ತು. ಶಬ್ದ ಹೋಗುವ ದಿಕ್ಕಿಗೂ ಹರಿವಿಗೂ 90 ಡಿಗ್ರಿ. ಡಾಪ್ಲರ್ ಲೆಕ್ಕದಲ್ಲಿ ಕೊಸೈನ್ ಇದೆ, 90ರ ಕೊಸೈನ್ ಸೊನ್ನೆ. ಶಬ್ದದ ಬೀಮನ್ನು ಸ್ವಲ್ಪ ಓರೆ ಮಾಡುವ ಬಟನ್ ಇರುತ್ತದೆ, ಅದರಿಂದ ಪೂರ್ತಿ ಪರಿಹಾರ ಸಿಗಲ್ಲ. ಡಾಕ್ಟರುಗಳು ಸಾಮಾನ್ಯವಾಗಿ 60 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳುತ್ತಾರೆ. 5 ಮೆಗಾಹರ್ಟ್ಸ್ ಪ್ರೋಬು, ಸೆಕೆಂಡಿಗೆ 1 ಮೀಟರ್ ಹರಿವು, 60 ಡಿಗ್ರಿ ಕೋನ ಅಂತಿಟ್ಟುಕೊಂಡು ಲೆಕ್ಕ ಹಾಕಿ. ವಾಪಸ್ ಬರುವ ಶಬ್ದದಲ್ಲಿ ಸುಮಾರು 3250 ಹರ್ಟ್ಸ್ ವ್ಯತ್ಯಾಸ ಬರುತ್ತದೆ. ಅದು ನಮ್ಮ ಕಿವಿಗೇ ಕೇಳುವ ಶಬ್ದ. ಸ್ಕ್ಯಾನಿಂಗ್ ರೂಮಿನಲ್ಲಿ 'ಶುಯ್ ಶುಯ್' ಅಂತ ಬರುತ್ತದಲ್ವಾ, ಅದು ಇದೇ.

ಕೋನ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡಲೇಬೇಕು, ಯಾಕೆಂದರೆ ಫ್ಯಾಂಟಮ್ ಯಾಕೆ ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕ್ಯಾರೋಟಿಡ್‌ನಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ನಾಳ ಅರ್ಧ ಅಥವಾ ಜಾಸ್ತಿ ಕಟ್ಟಿರಬಹುದು, 230 ದಾಟಿದರೆ ಶೇ. 70ಕ್ಕಿಂತ ಜಾಸ್ತಿ ಕಟ್ಟಿರಬಹುದು ಎಂದು ಅಮೆರಿಕದ ರೇಡಿಯಾಲಜಿಸ್ಟರು 2003ರಲ್ಲಿ ಒಂದು ಒಮ್ಮತದ ವರದಿ ಪ್ರಕಟಿಸಿದರು. ಈಗಲೂ ಬಹಳ ಕಡೆ ಅದೇ ಅಂಕಿ ಬಳಕೆಯಲ್ಲಿದೆ. ನಿಜವಾದ ವೇಗ 115 ಇದೆ, ಕೋನ 60 ಡಿಗ್ರಿ ಇದೆ ಅನ್ನಿ. ಸ್ಕ್ಯಾನ್ ಮಾಡುವವರು ತೆರೆಯ ಮೇಲೆ ಗೆರೆ ಎಳೆಯುವಾಗ 65 ಡಿಗ್ರಿಗೆ ಇಟ್ಟರು. ಬರೀ 5 ಡಿಗ್ರಿ. ಮೆಷಿನ್ 136 ಅನ್ನುತ್ತದೆ. ನಿನ್ನೆ ತನಕ ಆರಾಮಾಗಿದ್ದ ಮನುಷ್ಯ ಇವತ್ತು ಆಂಜಿಯೋಗ್ರಾಮ್ ಮಾಡಿಸಬೇಕಾ ಎಂದು ಯೋಚಿಸುತ್ತಾ ಕೂರುತ್ತಾನೆ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ: ಪೈಪನ್ನೇ ಬಿಟ್ಟುಬಿಡಿ. ಗೋಡೆಯೇ ಇಲ್ಲದ ನಾಳ ಮಾಡಿ.

ಅಗರ್‌ನ ಗಟ್ಟಿಯಲ್ಲಿ ಒಂದು ರಾಡ್ ಹುದುಗಿಸಿ, ಗಟ್ಟಿಯಾದ ಮೇಲೆ ಎಳೆದು ತೆಗೆದರೆ ಉಳಿಯುವ ತೂತೇ ರಕ್ತನಾಳ. ಅಗರ್ ಅಂದರೆ ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುವುದೇ. ಜೆಲಾಟಿನ್ ನಮ್ಮ ಏಪ್ರಿಲ್ ಬಿಸಿಲಿಗೆ ಕರಗುತ್ತದೆ, ಅಗರ್ ಕರಗಲು 85 ಡಿಗ್ರಿಯಾದರೂ ಬೇಕು. ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವ ಒಂದು ಹದ ಬಹಳ ಕಾಲದಿಂದ ಬಳಕೆಯಲ್ಲಿದೆ. ತೂಕದಲ್ಲಿ ನೂರಕ್ಕೆ ಸುಮಾರು 83 ಭಾಗ ನೀರು, 11 ಭಾಗ ಗ್ಲಿಸರಿನ್, 3 ಭಾಗ ಅಗರ್. ಉಳಿದದ್ದರಲ್ಲಿ ಬಹುಪಾಲು ಸಿಲಿಕಾನ್ ಕಾರ್ಬೈಡ್ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ನ ನುಣ್ಣನೆ ಪುಡಿ, ಅಂದರೆ ಲೋಹ ಉಜ್ಜಿ ಪಾಲಿಶ್ ಮಾಡಲು ಬಳಸುವ ಪುಡಿಗಳು. ಬೂಸ್ಟು ಬರದಿರಲು ಒಂದು ಚೂರು ಬೆಂಜಾಲ್ಕೋನಿಯಂ ಕ್ಲೋರೈಡ್. ಗ್ಲಿಸರಿನ್ ಶಬ್ದದ ವೇಗವನ್ನು 1540ಕ್ಕೆ ಏರಿಸುತ್ತದೆ. ಮೈಯ ಮಾಂಸ ತೆರೆಯ ಮೇಲೆ ಬೂದು ಬಣ್ಣದಲ್ಲಿ ಕಾಣುತ್ತದಲ್ಲ, ಪುಡಿಗಳು ಆ ಬೂದು ಕೊಡುತ್ತವೆ. ನಿಮ್ಮ ಜೆಲಾಟಿನ್‌ನಲ್ಲಿ ಪುಡಿ ಇರಲಿಲ್ಲ, ಅಲ್ಲಿ ಬೂದು ಕಾಣುವ ಮಾತೇ ಇಲ್ಲ. ಪುಡಿ ಸಿಗಲಿಲ್ಲವೆಂದರೆ ಇಸಬ್‌ಗೋಲ್ ಹಾಕಿ ನೋಡಿ. ತಮಾಷೆ ಅಲ್ಲ. ಸೂಜಿ ಹಾಕುವುದನ್ನು ಕಲಿಸಲು ಮನೆಯಲ್ಲೇ ಫ್ಯಾಂಟಮ್ ಮಾಡುವವರು ಬಹಳ ಜನ ಅದನ್ನೇ ಹಾಕುತ್ತಾರೆ. ಬೂದು ಚೆನ್ನಾಗಿ ಬರುತ್ತದೆ, ಅಳತೆಗೆ ಮಾತ್ರ ನಂಬಬೇಡಿ.

ಬೆಂಜಾಲ್ಕೋನಿಯಂ ಬಿಡಬೇಡಿ. ಜುಲೈ ತಿಂಗಳಲ್ಲಿ ನಾನು ಒಮ್ಮೆ ಬಿಟ್ಟಿದ್ದೆ. ಹತ್ತು ದಿನ ಕಳೆದು ಮುಚ್ಚಳ ತೆಗೆದರೆ ಹಸಿರು, ಕಪ್ಪು ಬೂಸ್ಟು. ಮಲೆನಾಡಿನ ಮಳೆಗೆ ಚರ್ಮದ ಚಪ್ಪಲಿಯೇ ಬೂಸ್ಟು ಹಿಡಿಯುತ್ತದೆ, ಇನ್ನು ಅಗರ್ ಬಿಡುತ್ತದಾ?

ಕಾಯಿಸುವುದು ಹಾಲುಬಾಯಿ ಮಾಡಿದ ಹಾಗೇ. ತಣ್ಣೀರಿಗೆ ಅಗರ್ ಹಾಕಿ ಕದಡಿ, ಪೂರ್ತಿ ಕರಗುವವರೆಗೆ ಕಾಯಿಸಬೇಕು. ಆಮೇಲೆ ಬಿಸಿ ಬಿಸಿಯಲ್ಲೇ ಹೊಯ್ದರೆ ಪುಡಿಯೆಲ್ಲ ತಳಕ್ಕೆ ಇಳಿಯುತ್ತದೆ. ಕೈ ಬಿಡದೆ ನಿಧಾನಕ್ಕೆ ತಿರುವುತ್ತಾ 45 ಡಿಗ್ರಿ ಹತ್ತಿರಕ್ಕೆ ಇಳಿಸಿ, ಆಗ ಡಬ್ಬಿಯ ಗೋಡೆಗೆ ತಾಗಿಸಿ ಹೊಯ್ಯಿರಿ. ಜೋರಾಗಿ ತಿರುವಿದರೆ ಗಾಳಿ ಸೇರುತ್ತದೆ. ನೀರನ್ನು ಮೊದಲೇ ಒಂದು ಕಾಲು ಗಂಟೆ ಕುದಿಸಿ, ಮುಚ್ಚಿಟ್ಟು ಆರಿಸಿ. ನಲ್ಲಿಯ ತಣ್ಣೀರಿನಲ್ಲಿ ಕರಗಿದ ಗಾಳಿ ಜಾಸ್ತಿ, ಬೆಚ್ಚಗಾದಾಗ ಅದು ಗುಳ್ಳೆಯಾಗಿ ಹೊರಬರುತ್ತದೆ.

ಡಬ್ಬಿ 20 ಸೆಂ.ಮೀ. ಉದ್ದ, 16 ಸೆಂ.ಮೀ. ಆಳ ಇರಲಿ. ಎದುರುಬದುರು ಗೋಡೆಗೆ ತೂತು ಕೊರೆದು 6 ಮಿ.ಮೀ. ರಾಡನ್ನು 30 ಡಿಗ್ರಿ ಇಳಿಜಾರಾಗಿ ಕೂರಿಸಿ. ಪ್ರೋಬ್ ಮೇಲಿನಿಂದ ನೇರ ಇಟ್ಟರೆ ಕೋನ ತಾನಾಗೇ 60 ಆಗುತ್ತದೆ. ರಾಡ್ ಅಂದೆ ಅಂತ ಮನೆ ಕಟ್ಟುವ ಟಿಎಂಟಿ ಕಂಬಿ ತರಬೇಡಿ, ನಯವಾದ ಸ್ಟೀಲ್ ರಾಡ್ ಬೇಕು. ವ್ಯಾಸಲಿನ್ ತೆಳ್ಳಗೆ ಸವರಿ. ಎಳೆಯುವಾಗ ಮೊದಲು ತಿರುಗಿಸಿ, ಆಮೇಲೆ ಎಳೆಯಿರಿ. ಸೋರುವುದು ಯಾವಾಗಲೂ ಪೈಪ್ ಬಂದು ಅಗರ್‌ಗೆ ಸೇರುವ ಜಾಗದಲ್ಲೇ. ಅಲ್ಲಿ ಡಬ್ಬಿಯ ಒಳಗೋಡೆಗೆ, ತೂತಿನ ಸುತ್ತ, ದೊಡ್ಡ ರಂಧ್ರದ ಸ್ಪಾಂಜ್ ತುಂಡೊಂದನ್ನು ಮೊದಲೇ ಅಂಟಿಸಿ. ಮೀನಿನ ತೊಟ್ಟಿಯ ಫಿಲ್ಟರಿನಲ್ಲಿ ಇರುತ್ತದಲ್ಲ, ಅಂಥದ್ದು. ಅಗರ್ ಅದರೊಳಗೆ ಇಳಿದು ಬೇರಿನ ಹಾಗೆ ಹಿಡಿದುಕೊಳ್ಳುತ್ತದೆ. ನನ್ನ ಬಸ್ಸಿನ ಕಥೆ ಆದಮೇಲೆ ಕಲಿತದ್ದು ಇದು.

ಇನ್ನು ರಕ್ತ. ಮಾನದಂಡ ಕೇಳುವುದು: ಸಾಂದ್ರತೆ ನೀರಿಗಿಂತ ಶೇ. 5ರಷ್ಟು ಜಾಸ್ತಿ, ಜಿಗುಟು ನೀರಿನ ನಾಲ್ಕು ಪಟ್ಟು, ಶಬ್ದದ ವೇಗ ಸುಮಾರು 1570. ಜಿಗುಟಿಗಾಗಿ ಬರೀ ಗ್ಲಿಸರಿನ್ ಸುರಿಯುವವರೇ ಜಾಸ್ತಿ. 40 ಭಾಗ ಗ್ಲಿಸರಿನ್, 60 ಭಾಗ ನೀರು ಹಾಕಿದರೆ ಜಿಗುಟು ಸರಿಯಾಗೇ ಬರುತ್ತದೆ, ಆದರೆ ಶಬ್ದದ ವೇಗ ವಿಪರೀತ ಏರಿಬಿಡುತ್ತದೆ. ಅದಕ್ಕೇ ಗ್ಲಿಸರಿನ್ನನ್ನು ಶೇ. 10ಕ್ಕೆ ನಿಲ್ಲಿಸಿ, ಉಳಿದ ಜಿಗುಟಿಗೆ ಶೇ. 3ರಷ್ಟು ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ಪುಡಿ ಹಾಕುತ್ತಾರೆ. ರಕ್ತಕಣದ ಬದಲು 5 ಮೈಕ್ರಾನ್ ನೈಲಾನ್ ಪುಡಿ, ಜೊತೆಗೆ ಅದು ಗಂಟಾಗದಿರಲು ಒಂದು ಚೂರು ಸೋಪಿನಂಥ ದ್ರವ. ನೈಲಾನ್ ಪುಡಿ ತರಿಸಲು ದುಡ್ಡಿಲ್ಲದಿದ್ದರೆ ಕಾರ್ನ್‌ಫ್ಲೋರ್ ಸಾಕು, ಲೀಟರಿಗೆ ಒಂದು ಚಮಚ. ಬಣ್ಣ ಬಂದೇ ಬರುತ್ತದೆ. ಕಾರ್ನ್‌ಫ್ಲೋರ್ ನೀರಿಗಿಂತ ಒಂದೂವರೆ ಪಟ್ಟು ಭಾರ, ನಿಂತರೆ ತಳಕ್ಕೆ ಕೂರುತ್ತದೆ. ಕಲಕುತ್ತಾ ಇರಬೇಕು.

ಈಗ ಮುಖ್ಯ ಭಾಗ: ಉತ್ತರ ಮೊದಲೇ ತಿಳಿದುಕೊಳ್ಳುವುದು. ಮೀನಿನ ತೊಟ್ಟಿಯ ಪಂಪಿನಿಂದ ನೇರ ನಾಳಕ್ಕೆ ಕೊಡಬೇಡಿ. ಪಂಪ್ ಒಂದು ಬಕೆಟ್ಟಿಗೆ ನೀರೆತ್ತಲಿ. ಬಕೆಟ್ಟು ಎತ್ತರದಲ್ಲಿ ಸದಾ ತುಂಬಿ ಹೊರಚೆಲ್ಲುತ್ತಿರಲಿ, ಅಲ್ಲಿಂದ ಕೆಳಗೆ ಫ್ಯಾಂಟಮ್ಮಿಗೆ ಇಳಿಯಲಿ. ಬಕೆಟ್ಟಿನ ಮಟ್ಟ ಬದಲಾಗುವುದಿಲ್ಲ, ಹರಿವೂ ಬದಲಾಗುವುದಿಲ್ಲ. ಕೆಳಗೆ ಅಳತೆ ಜಾರು, ಸ್ಟಾಪ್‌ವಾಚು. ನಿಮಿಷಕ್ಕೆ 300 ಮಿ.ಲೀ. ಬಂತು ಅನ್ನಿ, ಅಂದರೆ ಸೆಕೆಂಡಿಗೆ 5. ನಾಳ 6 ಮಿ.ಮೀ. ಇರುವುದರಿಂದ ಸರಾಸರಿ ವೇಗ ಸೆಕೆಂಡಿಗೆ 17.7 ಸೆಂ.ಮೀ. ಹರಿವು ಶಾಂತವಾಗಿದ್ದರೆ ನಡುಮಧ್ಯದ ವೇಗ ಅದರ ಎರಡು ಪಟ್ಟು, ಸುಮಾರು 35. ಹರಿವು ಶಾಂತವೋ ಕಲಕಿದ್ದೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ನಿಮ್ಮಲ್ಲಿ 300ರ ಒಳಗೇ ಇದೆ, ಹಾಗಾಗಿ ಶಾಂತವೇ. ಆದರೆ ಪೈಪಿನಿಂದ ಒಳಬಂದ ಹರಿವು ಈ ರೂಪಕ್ಕೆ ಬರಲು 10 ಸೆಂ.ಮೀ.ಯಷ್ಟು ನೇರ ದಾರಿ ಬೇಕು. ಅದಕ್ಕೆ ಆಳದ ಕಡೆಯಿಂದ ನೀರು ಬಿಡಿ, ಮೇಲಿನ ತುದಿಯ ಹತ್ತಿರ ಪ್ರೋಬ್ ಇಡಿ. ಗುಳ್ಳೆಯಿದ್ದರೆ ಅದೂ ಮೇಲಕ್ಕೇ ಹೋಗಿಬಿಡುತ್ತದೆ.

ಮೆಷಿನ್ 35 ತೋರಿಸಬೇಕು. 40 ತೋರಿಸಿದರೆ ಗಾಬರಿಯಾಗಬೇಡಿ. ಪ್ರೋಬಿನ ಅಗಲದಿಂದಾಗಿ ಗರಿಷ್ಠ ವೇಗವನ್ನು ಸ್ವಲ್ಪ ಜಾಸ್ತಿ ಹೇಳುವುದು ಡಾಪ್ಲರ್ ಮೆಷಿನ್ನುಗಳ ಹಳೇ ಚಾಳಿ. ಎಷ್ಟು ಜಾಸ್ತಿ ಹೇಳುತ್ತದೆ, ಕೋನ ಬದಲಾದರೆ ಅದೂ ಬದಲಾಗುತ್ತಾ ಎಂದು ನೀವು ಬರೆದಿಟ್ಟರೆ ಅದೇ ಒಳ್ಳೇ ಪ್ರಾಜೆಕ್ಟ್.

ಕಟ್ಟಿಕೊಂಡು ಕಿರಿದಾದ ನಾಳ ಬೇಕೆಂದರೆ ನಿಮ್ಮ ಕಾಲೇಜಿನ ಲೇತ್ ಇದೆಯಲ್ಲ. ಎರಡು 6 ಮಿ.ಮೀ. ರಾಡಿನ ತುದಿಯನ್ನು 3 ಮಿ.ಮೀ.ಗೆ ಇಳಿಸಿ, ಆ ಸಣ್ಣ ಭಾಗದಲ್ಲಿ ಒಂದಕ್ಕೊಂದು ಸೇರುವ ಹಾಗೆ ಮಾಡಿ. ಅಗರ್ ಗಟ್ಟಿಯಾದ ಮೇಲೆ ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಎಳೆದರೆ ನಡುವೆ ಸೊಂಟ ಉಳಿಯುತ್ತದೆ. ಅಗಲ ಅರ್ಧವಾದರೆ ಜಾಗ ಕಾಲು ಭಾಗ, ವೇಗ ನಾಲ್ಕು ಪಟ್ಟು. ಸರಾಸರಿ 71 ಬರುತ್ತದೆ. ಇಲ್ಲಿ ಮಾತ್ರ 'ನಡುವಿನ ವೇಗ ಎರಡು ಪಟ್ಟು' ಅನ್ನುವ ಲೆಕ್ಕ ಹಚ್ಚಬೇಡಿ. ಸೊಂಟದಲ್ಲಿ ಹರಿವು ಚಪ್ಪಟೆಯಾಗಿರುತ್ತದೆ, ಗರಿಷ್ಠ ವೇಗ 71ಕ್ಕೂ 142ಕ್ಕೂ ಮಧ್ಯೆ ಎಲ್ಲೋ ಇರುತ್ತದೆ.

ಗೋಡೆ ಮಿಡಿಯಬೇಕು, ನಿಜವಾದ ನಾಳದ ಹಾಗೆ ಉಬ್ಬಿ ಇಳಿಯಬೇಕು ಎಂಬ ಆಸೆ ಇದ್ದರೆ ಪಿವಿಎ ಕ್ರಯೋಜೆಲ್ ಇದೆ. ಫೆವಿಕಾಲ್ ಥರದ ಅಂಟಿನಲ್ಲಿರುವ ಪಿವಿಎ ಇದಲ್ಲ. ಪೂರ್ತಿ ಹೈಡ್ರೊಲೈಸ್ ಆದ ಪಾಲಿವಿನೈಲ್ ಆಲ್ಕೋಹಾಲ್ ಪುಡಿ ಬೇಕು. ಅದರ ಶೇ. 10ರ ದ್ರಾವಣವನ್ನು 90 ಡಿಗ್ರಿಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಮೈನಸ್ 20ರಲ್ಲಿ ಅರ್ಧ ದಿನ ಹೆಪ್ಪುಗಟ್ಟಿಸಿ, ಮತ್ತೆ ಅರ್ಧ ದಿನ ಕರಗಿಸಬೇಕು. ಇದು ಒಂದು ಸುತ್ತು. ಸುತ್ತು ಹೆಚ್ಚಿದಷ್ಟೂ ಗಟ್ಟಿ. ಒಂದೆರಡು ಸುತ್ತಿಗೆ ಮಾಂಸದ ಹಾಗೆ, ಇನ್ನಷ್ಟಕ್ಕೆ ನಾಳದ ಗೋಡೆಯ ಹಾಗೆ. ಶಬ್ದದ ವೇಗವೂ 1540ರ ಆಸುಪಾಸಿನಲ್ಲೇ ಇರುತ್ತದೆ, ಎಂಆರ್‌ಐಗೂ ನಡೆಯುತ್ತದೆ. ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದಾ ಎಂದು ಒಬ್ಬ ಹುಡುಗ ಕೇಳಿದ್ದ. ಅಲ್ಲಿ ಆಲೂಗಡ್ಡೆ ಹೆಪ್ಪುಗಟ್ಟಬಾರದು ಅಂತಲೇ ಸೊನ್ನೆಗಿಂತ ಮೇಲೆ ಇಡುತ್ತಾರೆ. ಐಸ್‌ಕ್ರೀಮ್ ಫ್ರೀಜರ್ ಬೇಕು. ಅದಕ್ಕಿಂತ ಮುಖ್ಯ, ಕರೆಂಟ್ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಒಂದು ರಾತ್ರಿ ಪೂರ್ತಿ ಕರೆಂಟ್ ಹೋಯಿತು. ಫ್ರೀಜರಿನಲ್ಲಿದ್ದ ನಾಳ ಅರ್ಧ ಕರಗಿ ಮತ್ತೆ ಗಟ್ಟಿಯಾಯಿತು. ನಾನು ಮೂರು ಸುತ್ತು ಅಂತ ಬರೆದುಕೊಂಡಿದ್ದೆ, ಅದು ಎಷ್ಟು ಸುತ್ತಾಗಿತ್ತೋ ದೇವರಿಗೇ ಗೊತ್ತು. ಒಂದು ಥರ್ಮಾಮೀಟರ್ ಲಾಗರ್ ಒಳಗೆ ಬಿಡಿ.

ಸಿಟಿಗೆ ಲೆಕ್ಕವೇ ಬೇರೆ. ಅಲ್ಲಿ ನಿಮ್ಮ ಸಿಲಿಕೋನ್ ಪೈಪ್ ತಪ್ಪೇನಲ್ಲ, ಕಣಗಳೂ ಬೇಡ. ಸಿಟಿ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ನಾಳ ಎದ್ದು ಕಾಣಲೆಂದು ಕಾಂಟ್ರಾಸ್ಟ್ ದ್ರವ ಕೊಟ್ಟ ರಕ್ತ 300-400 ಇರುತ್ತದೆ. ಅವಧಿ ಮುಗಿದ ಅಯೋಡಿನ್ ಕಾಂಟ್ರಾಸ್ಟ್ ಸಿಕ್ಕರೆ ಅದನ್ನೇ ನೀರಿಗೆ ಬೆರೆಸಿ ಆ ಹದಕ್ಕೆ ತನ್ನಿ. ಸುಣ್ಣ ಕಟ್ಟಿದ ಜಾಗ ತೋರಿಸಲು ಮೂಳೆಯಲ್ಲಿರುವ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಒಳಗೆ ಅಂಟಿಸುತ್ತಾರೆ. ಅದು ಸಿಟಿಯಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಷ್ಟು ದೊಡ್ಡದು ಅನ್ನುವುದೇ ಅಲ್ಲಿ ಅಳೆಯಬೇಕಾದ್ದು.

ಕವಲೊಡೆದ, ತಿರುಚಿದ ನಿಜವಾದ ನಾಳದ ಆಕಾರ ಬೇಕಾದರೆ ಸಿಟಿ ಚಿತ್ರದಿಂದ ಆಕಾರ ತೆಗೆದು 3ಡಿ ಪ್ರಿಂಟ್ ಮಾಡಬಹುದು. 3ಡಿ ಸ್ಲೈಸರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ರೋಗಿಯ ಹೆಸರು, ನಂಬರ್ ತೆಗೆಸಿ, ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದ ಮೇಲೇ ಚಿತ್ರ ಮುಟ್ಟಿ. ನಾಳದ ಒಳಗಿನ ಟೊಳ್ಳನ್ನು ನೀರಲ್ಲಿ ಕರಗುವ ಪಿವಿಎ ತಂತಿಯಿಂದ ಪ್ರಿಂಟ್ ಮಾಡಿ, ಸುತ್ತ ಸಿಲಿಕೋನ್ ಹೊಯ್ದು, ಆಮೇಲೆ ನೀರಿನಲ್ಲಿ ಕರಗಿಸಿ ತೆಗೆಯುತ್ತಾರೆ. ಪಂಚಲೋಹದ ವಿಗ್ರಹಕ್ಕೆ ಮೇಣ ಕರಗಿಸುವ ಉಪಾಯವೇ. ಆ ತಂತಿ ಗಾಳಿಯ ತೇವ ಕುಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹೊರಗಿಟ್ಟರೆ ಪ್ರಿಂಟ್ ಆಗುವಾಗ ಚಟಪಟ ಅನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಎಂಆರ್‌ಐಗೆ ಪಂಪು, ರಾಡು, ಸ್ಪ್ರಿಂಗು ಯಾವುದೂ ಆ ರೂಮಿನೊಳಗೆ ಹೋಗಬಾರದು. ಉದ್ದ ಪೈಪ್ ಹಾಕಿ ಹೊರಗಿಂದ ಹರಿಸಬೇಕು. ಬರೀ ನೀರಿನ ಸಿಗ್ನಲ್ ಚೇತರಿಸಿಕೊಳ್ಳಲು ತುಂಬಾ ಹೊತ್ತು ಬೇಕು. ಅದಕ್ಕೆ ಚೂರು ತಾಮ್ರದ ಸಲ್ಫೇಟ್ ಹಾಕುತ್ತಾರೆ, ನಮ್ಮ ತೋಟದವರು ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತವೇ. ಈ ವರ್ಷ ನೀವು ಅಲ್ಲಿಯವರೆಗೆ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಮೆಷಿನ್, ಒಂದು ಪ್ರಶ್ನೆ ಸಾಕು.

ಅಲ್ಟ್ರಾಸೌಂಡ್ ಮೆಷಿನ್ನನ್ನು ಕಾಲೇಜಿಗೇ ತರಿಸೋಣ ಅಂತಲೂ ಯೋಚಿಸಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾನೂನಿನ ಪ್ರಕಾರ ಅದು ನೋಂದಣಿಯಾದ ಜಾಗದಲ್ಲೇ ಇರಬೇಕು, ಸುಮ್ನೆ ಎಲ್ಲೆಂದರಲ್ಲಿಗೆ ಸಾಗಿಸುವ ಹಾಗಿಲ್ಲ. ಡಬ್ಬಿಯೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಒಣ ಟವೆಲ್ ಎರಡು, ಅಳತೆ ಜಾರು, ಸ್ಟಾಪ್‌ವಾಚು, ಕೋನಮಾಪಕ, ಥರ್ಮಾಮೀಟರ್ ತಗೊಂಡು ಹೋಗಿ. ನೀರಿನಲ್ಲಿ ಶಬ್ದದ ವೇಗ 20 ಡಿಗ್ರಿಗೆ 1482, 30 ಡಿಗ್ರಿಗೆ 1509, ಹಾಗಾಗಿ ಡಬ್ಬಿ ಎಸಿ ರೂಮಿನ ತಾಪಕ್ಕೆ ಬಂದ ಮೇಲೆ ಅಳತೆ ಶುರು ಮಾಡಿ. ಗೇನ್ (ವಾಪಸ್ ಬಂದ ಶಬ್ದವನ್ನು ಮೆಷಿನ್ ಹಿಗ್ಗಿಸುವ ಮಟ್ಟ) ಎಷ್ಟಿತ್ತು, ಕೋನ ಎಷ್ಟಿತ್ತು, ಯಾವ ಪ್ರೋಬ್ ಎಂದು ಪ್ರತಿ ಚಿತ್ರಕ್ಕೂ ಬರೆದುಕೊಳ್ಳಿ. ಮತ್ತೆ, ಸೋಮವಾರ ಬೆಳಗ್ಗೆ ಹೋಗಬೇಡಿ. ಹೊರಗೆ ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಕೂತ ರೋಗಿಗಳ ಸಾಲು ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ, ರೇಡಿಯಾಲಜಿ ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಹೋಗಿ.